ಬಾಗಿಲಲ್ಲಿ ನಾಲ್ಕು ಪೀಚ್ ಗೂಟ

ಯೀಚುನ್, ಹೈಲೊಂಗ್‌ಜಿಯಾಂಗ್
೨೦ ನವೆಂಬರ್ ೧೯೮೬

ಚಿಯಾವ್‌ಲಿಂಗ್,

ಕ್ಷೇಮ ವಿಚಾರಿಸುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ತಮ್ಮನ ಹೆಂಡತಿ ಅಂತ ಆರು ವರ್ಷ ಮರ್ಯಾದೆಯಿಂದ ಬರೆದೆ. ಇವತ್ತು ಅದು ನನ್ನ ಕೈಲಾಗುವುದಿಲ್ಲ.

ನಿನ್ನೆ ನಮ್ಮ ಮರದ ಅಡ್ಡೆಗೆ ಗೇ ಬಂದಿದ್ದ, ನಮ್ಮೂರ ಬಾವಿ ಪಕ್ಕದ ಮನೆಯವನು. ಊರಿಗೆ ಹೋಗಿಬಂದವನು ಒಂದು ಚೀಲ ಒಣಗಿದ ಎಲಚಿ ಹಣ್ಣು ತಂದಿದ್ದ. ಕೊಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಸುಜೆನ್, ತಪ್ಪು ತಿಳ್ಕೋಬೇಡ. ನಿಮ್ಮಮ್ಮ ಸತ್ತ ಮೇಲೆ ಏನಾದ್ರೂ ಕಾಟ ಕೊಡ್ತಿದ್ದಾಳಾ?" ಅಂದ.

"ಯಾರಿಗೋ ಕಾಟ? ಮೂರು ವರ್ಷ ಎದ್ದು ಕೂರೋಕಾಗದೆ ಮಲಗಿದ್ದವಳು. ಸತ್ತ ಮೇಲೆ ಕಾಲು ಬಂತಾ?"

"ನಂಗೇನು ಗೊತ್ತು. ನಿನ್ನ ತಮ್ಮನ ಮನೆ ಹೊಸ್ತಿಲ ಎರಡೂ ಕಡೆ ಗೂಟ ಬಡಿದಿದ್ದಾರೆ. ಪೀಚ್ ಗೂಟ. ಒಳಕೋಣೆ ಕಿಟಕಿ ಕೆಳಗೂ ಎರಡು. ಲುವಾನ್ ಮುದುಕಿ ಒಳ್ಳೇ ದಾರಿ ಹಿಡೀಲಿಲ್ಲ ಅಂತ ಊರೆಲ್ಲ ಮಾತು."

ಎಲಚಿ ಹಣ್ಣಿನ ಚೀಲವನ್ನು ಅವನ ಕೈಗೇ ವಾಪಸ್ ಕೊಟ್ಟೆ.

ನಮ್ಮೂರಲ್ಲಿ ಯಾವ ಬಾಗಿಲಿಗೆ ಪೀಚ್ ಗೂಟ ಬಡಿಯುತ್ತಾರೆ ಅಂತ ನಿನಗೆ ಗೊತ್ತಿಲ್ಲವಾ? ನೇಣು ಹಾಕಿಕೊಂಡ ಹೆಂಗಸಿನ ಮನೆಗೆ. ಕೆರೆಗೆ ಬಿದ್ದು ಮೂರು ದಿನ ಸಿಗದವನ ಮನೆಗೆ. ನಮ್ಮಮ್ಮ ಹಾಸಿಗೆಯಲ್ಲಿ ಸತ್ತವಳು, ವಯಸ್ಸಾಗಿ ಸತ್ತವಳು. ಊರಿನ ಅರ್ಧ ಮಕ್ಕಳ ಕೈಯಲ್ಲಿ ಅವಳು ಕೆತ್ತಿಕೊಟ್ಟ ಪೀಚ್ ಮರದ ಪುಟ್ಟ ಕತ್ತಿ ಇತ್ತು. ಅವಳನ್ನೇ ಪೀಡೆ ಮಾಡಿಬಿಟ್ಟೆ.

ಹಿರಿಯರ ಎಡೆಗೆ ಪೀಚ್ ಹಣ್ಣನ್ನೂ ಇಡುವುದಿಲ್ಲ ನಾವು. ಹಣ್ಣಿಗೇ ಅವರು ಹೆದರಿ ಹಿಂದೆ ಸರಿಯುತ್ತಾರೆ ಅಂತ. ನೀನು ಗೂಟವನ್ನೇ ಬಡಿದಿದ್ದೀಯ. ವರ್ಷದ ಕೊನೆಯ ದಿನ ಹಿರಿಯರನ್ನು ಮನೆಗೆ ಕರೆಯುತ್ತೀರಲ್ಲ, ಅಮ್ಮನಿಗೆ ಇದು ಮೊದಲನೆಯ ಸಲ. ಅಪ್ಪ, ಅಜ್ಜ ಎಲ್ಲರ ಜೊತೆ ಗೋರಿಯಿಂದ ನಡೆದು ಬರುತ್ತಾಳೆ. ಬಂದು ತಾನು ನಲವತ್ತೈದು ವರ್ಷ ಗುಡಿಸಿದ ಬಾಗಿಲ ಹೊರಗೆ ನಿಲ್ಲಬೇಕಾ? ಒಳಗಿಂದ ಕಡುಬಿನ ವಾಸನೆ ಕುಡಿದುಕೊಂಡು ಹೋಗಬೇಕಾ?

ಇದು ಯಾರ ಕೆಲಸ ಅಂತ ಬರೆ. ಗೂಟ ಕಿತ್ತಾಯಿತು ಅಂತಲೂ ಬರೆ. ಬೇರೆ ಏನೂ ಬರೆಯಬೇಡ.

ಸುಜೆನ್


ಲುವಾನ್ ಹಳ್ಳಿ, ಶಾನ್‌ದೋಂಗ್
೨ ಡಿಸೆಂಬರ್ ೧೯೮೬

ಸುಜೆನ್ ಅಕ್ಕನವರಿಗೆ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಮಗುವಿಗೆ ಕೆಮ್ಮು ಇತ್ತು, ತಡವಾಯಿತು. ನೀವು ಮಗುವಿನ ವಿಷಯ ಕೇಳಿಲ್ಲ, ಆದರೂ ಹೇಳುತ್ತೇನೆ. ಅವಳಿಗೆ ಆರು ತಿಂಗಳು ತುಂಬಿತು. ದೌಜಿ, ಅಂದರೆ ಕಾಳು, ಅಂತ ಕರೆಯುತ್ತೇವೆ. ಅವರೆಕಾಳಿನಷ್ಟಿದ್ದಳು ಹುಟ್ಟಿದಾಗ.

ಯಾರ ಕೆಲಸ ಅಂತ ಕೇಳಿದಿರಿ. ನನ್ನ ಕೆಲಸ. ನಾನೇ ಬಡಿದೆ, ರುಬ್ಬುವ ಗುಂಡಿನಿಂದ. ನಿಮ್ಮ ತಮ್ಮ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದರು. ಅವರು ಎಲ್ಲದಕ್ಕೂ ನೆಲ ನೋಡುತ್ತಾರೆ, ನಿಮಗೆ ಗೊತ್ತಿದೆ.

ಅತ್ತೆ ಪೀಡೆ ಅಂತ ನಾನು ಅಂದಿಲ್ಲ. ಊರಿನವರ ಬಾಯಿಗೆ ನಾನು ಜವಾಬ್ದಾರಳಲ್ಲ. ಆದರೆ ನನ್ನ ಮೊದಲನೆಯ ಮಗು ಹೇಗೆ ಹೋಯಿತು ಅಂತ ನೀವು ಮರೆತಿದ್ದೀರಿ, ಅದನ್ನು ನೆನಪು ಮಾಡುತ್ತೇನೆ. ಮಾವ ಹೋಗಿ ಎರಡು ತಿಂಗಳಾಗಿತ್ತು. ಗಂಡು ಮಗು, ದುಂಡಗಿತ್ತು. ದಿನಾ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಕಡೆ ನೋಡಿ ನಗುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ನಕ್ಕ ಮೇಲೆ ಅಳು ಶುರು, ಬೆಳಗಿನವರೆಗೂ. ನಲವತ್ತನೆಯ ದಿನ ಹೋಗಿಬಿಟ್ಟಿತು. ಸೂಲಗಿತ್ತಿ ಮುದುಕಿ ಬಂದು ನೋಡಿ ಹೇಳಿದಳು:

"ತಾತ ಮುಟ್ಟಿದ್ದಾನೆ ಕಣಮ್ಮ. ದ್ವೇಷಕ್ಕಲ್ಲ, ಮುದ್ದಿಗೆ ಮುಟ್ಟಿರೋದು. ಮೊಮ್ಮಗ ಅಲ್ವಾ, ತಡ್ಕೊಳೋಕಾಗಿಲ್ಲ. ಆದ್ರೆ ಸತ್ತವರ ಕೈ ಎಷ್ಟು ತಣ್ಣಗಿರುತ್ತೆ ಅಂದ್ರೆ ಕೂಸು ತಡ್ಕೊಳಲ್ಲ."

ಎರಡನೆಯದು ಹುಟ್ಟುವಾಗಲೇ ಅಳಲಿಲ್ಲ. ಅದಕ್ಕೆ ಹೆಸರೂ ಇಲ್ಲ.

ಇದು ಮೂರನೆಯದು, ಅಕ್ಕ. ಪ್ರೀತಿ ಇದ್ದವರೇ ಬಂದು ಮುಟ್ಟುವುದು. ನಿಮ್ಮಮ್ಮನಿಗಿಂತ ಹೆಚ್ಚು ಆಸೆಪಟ್ಟವರು ಯಾರೂ ಇರಲಿಲ್ಲ. ಅದಕ್ಕೇ ಗೂಟ ಇದೆ, ಇರುತ್ತದೆ. ಎಡೆಯನ್ನು ಗೋರಿಯ ಹತ್ತಿರವೇ ಇಡುತ್ತೇವೆ. ಅವರು ಉಪವಾಸ ಇರುವುದಿಲ್ಲ.

ಇನ್ನೊಂದು ಮಾತು. ಅತ್ತೆ ಮೂರು ವರ್ಷ ಮಲಗಿದ್ದರು. ಬೆನ್ನ ಹುಣ್ಣು ತೊಳೆದವಳು ನಾನು. ಬಟ್ಟೆ ಒಗೆದವಳು ನಾನು, ಚಳಿಗಾಲದಲ್ಲಿ ಹೊಳೆಯ ಮಂಜುಗಡ್ಡೆ ಒಡೆದು. ಆ ಮೂರು ವರ್ಷದಲ್ಲಿ ನಿಮ್ಮಿಂದ ನಾಲ್ಕು ಕಾಗದ ಬಂತು. ಸಾವಿಗೂ ನೀವು ಬರಲಿಲ್ಲ. ಈ ಬಾಗಿಲಿಗೆ ಏನು ಬಡಿಯಬೇಕು ಅನ್ನುವುದು ಈ ಬಾಗಿಲೊಳಗೆ ಇರುವವರಿಗೆ ಬಿಟ್ಟದ್ದು. ಮದುವೆಯಾಗಿ ಹೋದ ಮಗಳಿಗೆ ವರ್ಷದ ಕೊನೆಯ ದಿನ ತವರಿನ ಹಿರಿಯರ ಪಟ ನೋಡುವ ಹಕ್ಕೂ ಇಲ್ಲ, ಇದು ನಾನು ಮಾಡಿದ ಕಟ್ಟಳೆಯಲ್ಲ.

ಚಿಯಾವ್‌ಲಿಂಗ್


ಯೀಚುನ್
೧೧ ಡಿಸೆಂಬರ್ ೧೯೮೬

ಚಿಯಾವ್‌ಲಿಂಗ್,

ಬಾಯಿ ಚೆನ್ನಾಗಿ ಬೆಳೆದಿದೆ ನಿನಗೆ. ಮಿಡ್ಲ್ ಸ್ಕೂಲು ಓದಿದವಳು ಅಂತ ಅಮ್ಮ ಹೆಮ್ಮೆಪಡುತ್ತಿದ್ದಳು. ಓದಿದ್ದು ಇದಕ್ಕಾ?

ಮದುವೆಯಾಗಿ ಹೋದ ಮಗಳು ಅಂದೆ. ಯಾವ ಮದುವೆ? ನಿನ್ನ ಗಂಡ ನಿನಗೆ ಹೇಳಿಲ್ಲದಿದ್ದರೆ ನಾನು ಹೇಳುತ್ತೇನೆ. ಅವನಿಗೆ ನೆನಪಿರಲಿಕ್ಕಿಲ್ಲ, ಮೂರು ವರ್ಷದವನು. ಅರವತ್ತೊಂದನೆಯ ಇಸವಿ. ಮರದ ತೊಗಟೆ ಬೇಯಿಸಿ ತಿಂದ ವರ್ಷ. ಅವನ ಹೊಟ್ಟೆ ಊದಿಕೊಂಡಿತ್ತು, ಕಾಲು ಕಡ್ಡಿ. ಉತ್ತರದಿಂದ ಒಬ್ಬ ಬಂದ, ಕಾಡಿನಲ್ಲಿ ಕೆಲಸ ಮಾಡುವವನಿಗೆ ಹೆಣ್ಣು ಬೇಕು ಅಂತ. ಒಂದು ಮೂಟೆ ಕೆಂಪು ಜೋಳ ಇಳಿಸಿದ. ಅಮ್ಮ ನನ್ನ ತಲೆ ಬಾಚಿದಳು. ನನಗೆ ಹದಿನಾರು.

"ನಾನು ಹೋಗಲ್ಲಮ್ಮ" ಅಂದೆ.

"ಅಲ್ಲಿ ಊಟ ಇದೆ. ಹೋಗು" ಅಂದಳು. ಅಷ್ಟೇ. ಬಾಗಿಲವರೆಗೂ ಬಂದು ಕಳಿಸಲಿಲ್ಲ. ಮೂಟೆ ಬಿಚ್ಚುತ್ತಾ ಕೂತಿದ್ದಳು.

ನಿನ್ನ ಗಂಡ ಬದುಕಿದ್ದು ಆ ಜೋಳದಿಂದ. ನಿನ್ನ ಮಗಳು ಹುಟ್ಟಿದ್ದೂ ಆ ಜೋಳದಿಂದಲೇ. ನನಗೆ ಹಕ್ಕಿಲ್ಲ ಅಂತ ಇನ್ನೊಂದು ಸಲ ಬರೆದರೆ ನೋಡು.

ಇಪ್ಪತ್ತೈದು ವರ್ಷ ಅವಳ ಮೇಲೆ ಹಲ್ಲು ಕಡಿದುಕೊಂಡು ಇದ್ದೆ, ನಿಜ. ನಾಲ್ಕು ಕಾಗದ ಬರೆದೆ, ಅದೂ ನಿಜ. ಅಡ್ಡೆಯಲ್ಲಿ ರಜೆ ಕೊಡಲಿಲ್ಲ ಅಂತ ತಂತಿ ಕೊಟ್ಟಿದ್ದೆ. ರಜೆ ಕೇಳಿಯೇ ಇರಲಿಲ್ಲ. ತಗೋ, ಅದನ್ನೂ ಹೇಳಿಬಿಟ್ಟೆ. ಆದರೆ ಅವಳ ಮೇಲೆ ಕೋಪ ಮಾಡಿಕೊಳ್ಳುವುದು ನನ್ನದು. ನನ್ನ ಸ್ವಂತದ್ದು. ನಿನಗೆ ಅವಳನ್ನು ಬೀದಿಯಲ್ಲಿ ನಿಲ್ಲಿಸುವುದಕ್ಕೆ ಯಾರೂ ಅಧಿಕಾರ ಕೊಟ್ಟಿಲ್ಲ.

ತಾತ ಮುಟ್ಟಿದನಂತೆ, ಅಜ್ಜಿ ಮುಟ್ಟುತ್ತಾಳಂತೆ. ಎರಡು ಹೋಗಿದ್ದಕ್ಕೆ ನಮ್ಮ ಮನೆಯ ಸತ್ತವರ ಮೇಲೆ ಯಾಕೆ ಹಾಕುತ್ತೀಯ? ನಿನ್ನ ಹೊಟ್ಟೆಯನ್ನೇ ಕೇಳು, ಅದರಲ್ಲಿ ಏನು ಕೊರತೆ ಅಂತ.

ದೊಡ್ಡಪ್ಪನಿಗೂ ಇದೇ ಟಪಾಲಿನಲ್ಲಿ ಬರೆದಿದ್ದೇನೆ. ಲುವಾನ್ ಮನೆತನಕ್ಕೆ ಹಿರಿಯ ಅವನು, ನೀನಲ್ಲ. ನೀನು ಕೀಳದಿದ್ದರೆ ಅವನು ಕೀಳುತ್ತಾನೆ.

ಸುಜೆನ್


ಲುವಾನ್ ಹಳ್ಳಿ
೨೯ ಡಿಸೆಂಬರ್ ೧೯೮೬

ನಿಮ್ಮ ದೊಡ್ಡಪ್ಪ ಇಪ್ಪತ್ತನೆಯ ತಾರೀಖು ಬಂದರು. ಇಬ್ಬರು ಅಳಿಯಂದಿರನ್ನು ಕರೆದುಕೊಂಡು, ಕೈಯಲ್ಲಿ ಇಕ್ಕಳ ಹಿಡಿದು. ಮನೆ ಜಪ್ತಿಗೆ ಬಂದ ಹಾಗಿತ್ತು. ನಾನು ಹೊಸ್ತಿಲ ಮೇಲೆ ಕೂತೆ.

"ಏಳಮ್ಮ. ಮನೆತನದ ಮಾನ ಹೋಗ್ತಿದೆ" ಅಂದರು.

"ಮಾನ ಆಮೇಲೆ ನೋಡ್ಕೊಳ್ಳೋಣ ದೊಡ್ಡಪ್ಪ. ಒಳಗೆ ಮಗು ಮಲಗಿದೆ."

"ಹೆಣ್ಣು ಕೂಸಿಗೆ ಇಷ್ಟೆಲ್ಲ ಯಾಕೆ? ಮುಂದಿಂದು ಗಂಡಾಗುತ್ತೆ ಬಿಡು."

ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು. ನಿಮ್ಮ ತಮ್ಮ ನನ್ನ ತೋಳು ಹಿಡಿದು ಎಬ್ಬಿಸಿದರು. ನೆಲ ನೋಡುತ್ತಾ ಎಬ್ಬಿಸಿದರು. ನಾಲ್ಕನ್ನೂ ಕಿತ್ತುಕೊಂಡು ಹೋದರು. ಹೋಗುವಾಗ ದೊಡ್ಡಪ್ಪ, "ಸುಜೆನ್‌ಗೆ ಹೇಳು, ಕೆಲಸ ಆಯ್ತು ಅಂತ" ಅಂದರು. ಹೇಳುತ್ತಿದ್ದೇನೆ. ಕೆಲಸ ಆಯಿತು.

ಇಪ್ಪತ್ತಮೂರನೆಯ ತಾರೀಖು ದೀಪ ಹಚ್ಚುವ ಹೊತ್ತಿಗೆ ದೌಜಿ ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿ ನಕ್ಕಳು. ಬೆಳಗಾಗುವುದರೊಳಗೆ ಮೈ ಕೆಂಡ. ಮಾರನೆಯ ದಿನ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಸೆಟೆದುಕೊಂಡಳು. ನಿಮ್ಮ ತಮ್ಮ ಅವಳನ್ನು ಕೋಟಿನೊಳಗೆ ಕಟ್ಟಿಕೊಂಡು ಹಿಮದಲ್ಲಿ ಹದಿನೈದು ಮೈಲಿ ಓಡಿದರು. ನಾನು ಹಿಂದೆ ಓಡಿದೆ. ಆಸ್ಪತ್ರೆಯಲ್ಲಿ ಐದು ದಿನ ಸೂಜಿ ಚುಚ್ಚಿದರು, ತಲೆಯ ನರಕ್ಕೆ. ಡಾಕ್ಟರು ನ್ಯುಮೋನಿಯಾ ಅಂದರು. ಇರಬಹುದು. ಡಾಕ್ಟರಿಗೆ ಅವಳು ನಕ್ಕಿದ್ದು ಗೊತ್ತಿಲ್ಲ.

ನಿನ್ನೆ ಮನೆಗೆ ತಂದೆವು. ಉಸಿರಾಡುತ್ತಾಳೆ. ಹಾಲು ಹಿಡಿದಿದ್ದಾಳೆ.

ಬಂದ ತಕ್ಷಣ ನಾನು ಕುಡುಗೋಲು ತಗೊಂಡು ಹಿತ್ತಲ ಪೀಚ್ ಮರ ಹತ್ತಿದೆ. ಪೂರ್ವದ ಕೊಂಬೆ ಕಡಿದು ನಾಲ್ಕು ಗೂಟ ಮಾಡಿ ಬಡಿದಿದ್ದೇನೆ. ಚೆನ್ನಾಗಿ ಬಂದಿಲ್ಲ, ಸೊಟ್ಟಗಿವೆ, ಬೆರಳೂ ಕುಯ್ದುಕೊಂಡೆ. ಈ ಸಲ ಯಾರು ಇಕ್ಕಳ ತಂದರೂ ಅದೇ ಕುಡುಗೋಲು ಬಾಗಿಲ ಹಿಂದೆ ಇದೆ ಅಂತ ದೊಡ್ಡಪ್ಪನಿಗೆ ಹೇಳಿ ಕಳಿಸಿದ್ದೇನೆ.

ನಿನ್ನ ಹೊಟ್ಟೆಯನ್ನೇ ಕೇಳು ಅಂತ ಬರೆದಿದ್ದೀರಿ. ಆ ಸಾಲನ್ನು ಆಸ್ಪತ್ರೆಯಲ್ಲಿ ಐದು ದಿನವೂ ಓದಿದೆ. ಕಾಗದ ನನ್ನ ಜೇಬಿನಲ್ಲೇ ಇತ್ತು. ನೀವು ನನ್ನ ಗಂಡನಿಗೆ ಅಕ್ಕ, ಅದಕ್ಕೆ ಇಲ್ಲಿಯವರೆಗೆ ಬಹುವಚನ. ಆದರೆ ಇನ್ನು ಮೇಲೆ ನೀವು ನನಗೆ ಯಾರೂ ಅಲ್ಲ.

ಒಂದು ಮಾತು ನಾಲಿಗೆಯ ತುದಿಯಲ್ಲಿದೆ. ಅದನ್ನು ಬರೆದರೆ ನೀವು ಮತ್ತೆ ಬಾಯಿ ಎತ್ತುವುದಿಲ್ಲ. ಆದರೆ ಬರೆಯುವುದಿಲ್ಲ, ಬರೆಯುವುದಿಲ್ಲ ಅಂತ ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ನೀವು ಬೈಯುತ್ತಾ ಇರಿ.

ನನಗೆ ಕಾಗದ ಬರೆಯಬೇಡಿ. ರುಜು ನನ್ನ ತವರಿನ ಹೆಸರಿನಲ್ಲಿ ಹಾಕಿದ್ದೇನೆ.

ಬೀ ಚಿಯಾವ್‌ಲಿಂಗ್


ಯೀಚುನ್
೯ ಜನವರಿ ೧೯೮೭

ಚಿಯಾವ್‌ಲಿಂಗ್,

ಬರೆಯಬೇಡಿ ಅಂದೆ, ಆದರೂ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕುವುದಾದರೆ ಓದಿಯೇ ಹಾಕು.

ಮಗು ಹೇಗಿದೆ ಅಂತ ಕೇಳುವ ಮುಖ ನನಗಿಲ್ಲ. ಮಗು ಹೇಗಿದೆ?

ಹೊಟ್ಟೆಯ ಮಾತು ಬರೆದ ಕೈಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ನನಗೂ ಒಂದು ಹೋಗಿದೆ, ಎಪ್ಪತ್ತರಲ್ಲಿ. ಊರಿಗೆ ಯಾರಿಗೂ ತಿಳಿಸಿರಲಿಲ್ಲ. ಆ ಮೇಲೆ ಆಗಲೇ ಇಲ್ಲ. ಗೊತ್ತಿದ್ದೂ ಆ ಮಾತು ಬರೆದೆ ನೋಡು. ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಬರೆದೆ. ಕ್ಷಮಿಸು ಅಂತ ಕೇಳುವುದಿಲ್ಲ. ನಾನಾಗಿದ್ದರೆ ಕ್ಷಮಿಸುತ್ತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪ ಒಂದು ಪೊಟ್ಟಣ ಕಳಿಸಿದ್ದಾನೆ. ಕೆಲಸ ಆಯಿತು ಅನ್ನುವುದಕ್ಕೆ ಸಾಕ್ಷಿಯಂತೆ. ಕಿತ್ತ ಗೂಟಗಳಲ್ಲಿ ಒಂದು. ಮಿಕ್ಕ ಮೂರನ್ನು ಒಲೆಗೆ ಹಾಕಿದನಂತೆ.

ಪೊಟ್ಟಣ ಬಿಚ್ಚಿದಾಗ ಕೈಯಲ್ಲಿ ಮುರಿದು ಎಸೆಯಬೇಕು ಅಂದುಕೊಂಡೆ. ಇಪ್ಪತ್ತೈದು ವರ್ಷ ಮರದ ಅಡ್ಡೆಯಲ್ಲಿ ಇದ್ದೇನೆ ನಾನು, ಮರ ಕೈಗೆ ಬಂದರೆ ತಿರುಗಿಸಿ ನೋಡುವುದು ಚಾಳಿ. ತಿರುಗಿಸಿದೆ. ಒಂದು ಗೇಣು ಉದ್ದ. ತಲೆಯ ಹತ್ತಿರ ದಾರ ಕಟ್ಟಲು ಸುತ್ತ ಒಂದು ಗೀರು. ತುದಿ ಚೂಪು ಮಾಡಿರುವ ಕೊಯ್ತಗಳು ಒಂದೊಂದೂ ನೀಟಾಗಿವೆ, ಎಲ್ಲವೂ ಎಡದಿಂದ ಬಲಕ್ಕೆ ಬಿದ್ದಿವೆ. ಬಲಗೈಯವರು ಕೆತ್ತಿದರೆ ಕೊಯ್ತ ಹಾಗೆ ಬೀಳುವುದಿಲ್ಲ. ಅದು ಎಡಗೈ ಕೆಲಸ.

ನಮ್ಮೂರಲ್ಲಿ ಎಡಗೈಯಲ್ಲಿ ಮರ ಕೆತ್ತುತ್ತಿದ್ದವಳು ಒಬ್ಬಳೇ. ಅವಳ ಮಡಿಲಲ್ಲಿ ಕೂತು ಚೆಕ್ಕೆ ಆರಿಸುತ್ತಿದ್ದವಳು ನಾನು. ಆ ಗೀರನ್ನು ನಾನು ಕತ್ತಲಲ್ಲಿ ಕೈ ಆಡಿಸಿಯೂ ಹೇಳುತ್ತೇನೆ.

ಈ ಗೂಟ ಮಾಡಿದ್ದು ಯಾರು? ಯಾವಾಗ? ಯಾರಿಗೆ ಮಾತು ಕೊಟ್ಟಿದ್ದೀಯ ನೀನು? ಒಂದಕ್ಷರ ಮುಚ್ಚಿಟ್ಟರೂ ಇಲ್ಲಿಂದ ರೈಲು ಹತ್ತಿ ಬಂದು ನಿನ್ನ ಹೊಸ್ತಿಲ ಮೇಲೆ ಕೂರುತ್ತೇನೆ, ನೆನಪಿಟ್ಟುಕೋ.

ಸುಜೆನ್


ಲುವಾನ್ ಹಳ್ಳಿ
೧೮ ಜನವರಿ ೧೯೮೭

ಸುಜೆನ್ ಅಕ್ಕನವರಿಗೆ,

ದೌಜಿ ಚೆನ್ನಾಗಿದ್ದಾಳೆ. ನಿನ್ನೆ ಗಂಜಿ ತಿಂದು ನನ್ನ ಮೇಲೆಲ್ಲ ಉಗುಳಿದಳು.

ನಾನಾಗಿ ಹೇಳಿಲ್ಲ. ನೀವೇ ಕಂಡುಹಿಡಿದಿರಿ. ಹಾಗಾದರೆ ಮಾತು ಮುರಿದ ಹಾಗಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬರೆಯುತ್ತಿದ್ದೇನೆ.

ಹೋದ ವರ್ಷ ಚಳಿಗಾಲದ ಕೊನೆ. ನನಗೆ ಏಳು ತಿಂಗಳು. ಅತ್ತೆಗೆ ತಾನು ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ಒಂದು ದಿನ ನಿಮ್ಮ ತಮ್ಮ ಗಾರೆ ಕೆಲಸಕ್ಕೆ ಹೋಗಿದ್ದಾಗ ನನ್ನನ್ನು ಕರೆದರು.

"ಹಿತ್ತಲ ಮರದಲ್ಲಿ ಪೂರ್ವಕ್ಕಿರೋ ಕೊಂಬೆ ಕಡ್ಕೊಂಡು ಬಾ. ಬಿದ್ದಿರೋದು ಬೇಡ, ಹಸೀದು" ಅಂದರು.

ಕಡಿದು ತಂದುಕೊಟ್ಟೆ. ಮಗುವಿಗೆ ಕತ್ತಿ ಕೆತ್ತುತ್ತಾರೆ ಅಂದುಕೊಂಡೆ. ಒಲೆಯ ಬಿಸಿ ಹಾಯುವ ಮಲಗುವ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೆ. ಸೊಂಟದಿಂದ ಕೆಳಗೆ ಪ್ರಾಣ ಇರಲಿಲ್ಲ, ಕೈ ಮಾತ್ರ ಮೊದಲಿನ ಹಾಗೇ ಇತ್ತು. ಮೂರು ದಿನ ಕೆತ್ತಿದರು. ನಾಲ್ಕು ಗೂಟ.

"ಇದ್ಯಾಕತ್ತೆ?"

"ನನಗೆ" ಅಂದರು. "ನಾನು ಸತ್ತು ನಲವತ್ತೊಂಬತ್ತು ದಿನದ ಕರ್ಮ ಆಗ್ಲಿ. ಆಮೇಲೆ ಮಗು ಹುಟ್ಟೋ ಮುಂಚೆ ಹೊಸ್ತಿಲಿಗೆರಡು, ಕಿಟಕಿಗೆರಡು ಬಡಿ. ಹನ್ನೆರಡು ವರ್ಷ ತುಂಬೋವರೆಗೂ ಕೀಳಬೇಡ."

ನನಗೆ ಅಳು ಬಂತು, ಸಿಟ್ಟೂ ಬಂತು. "ನೀವೇನು ಪೀಡೆನಾ? ನಾನು ಬಡಿಯಲ್ಲ" ಅಂದೆ.

"ಬಾಯ್ಮುಚ್ಚು. ನನ್ನ ಕೈ ನನಗೆ ಗೊತ್ತು. ನಿಮ್ಮಾವ ಎಂಥ ಗಟ್ಟಿ ಮನುಷ್ಯ, ಅವನಿಗೇ ತಡ್ಕೊಳೋಕಾಗ್ಲಿಲ್ಲ. ನಾನು ಮುಟ್ಟದೆ ಇರ್ತೀನಾ? ಕೆನ್ನೆ ಮುಟ್ಟೇ ಮುಟ್ತೀನಿ."

ಆಮೇಲೆ ಸ್ವಲ್ಪ ಹೊತ್ತು ಚೆಕ್ಕೆ ಎಲ್ಲ ಮಡಿಲಿನಿಂದ ಕೊಡವಿದರು. ಮತ್ತೆ ಹೇಳಿದರು. ಅವರು ಹೇಳಿದ ಹಾಗೇ ಬರೆಯುತ್ತೇನೆ, ಒಂದಕ್ಷರ ನನ್ನದಲ್ಲ.

"ಗಂಡೋ ಹೆಣ್ಣೋ, ಯಾವುದಾದ್ರೂ ಸರಿ. ಆಗ ಒಂದನ್ನ ಉಳಿಸೋಕೆ ಇನ್ನೊಂದನ್ನ ಹೊರಗೆ ಕಳಿಸಿದೆ. ಈ ಸಲ ಯಾರನ್ನೂ ಕಳಿಸಲ್ಲ. ನಾನೇ ಹೊರಗಿರ್ತೀನಿ."

ನಿಮಗೆ ಹೇಳಬಾರದು ಅಂತ ನನ್ನ ಹೊಟ್ಟೆಯ ಮೇಲೆ ಕೈ ಇಡಿಸಿ ಮಾತು ತಗೊಂಡರು. "ಸುಜೆನ್‌ಗೆ ಗೊತ್ತಾದ್ರೆ, ನನ್ನ ಮಾತ್ರ ಮೂಟೆ ಜೋಳಕ್ಕೆ ಕೊಟ್ಟಳು, ಈ ಮಗುಗೆ ಗೂಟ ಕೆತ್ತಿದಳು ಅಂತಾಳೆ. ಅನ್ನಲಿ, ಆದ್ರೆ ನಾನು ಕೇಳಿಸ್ಕೋಬಾರದು" ಅಂದರು.

ನಿಮ್ಮ ತಮ್ಮನಿಗೂ ಹೇಳಿಲ್ಲ. ಊರು ನನ್ನನ್ನು ಬೈಯಿತು, ನೀವು ಬೈದಿರಿ, ದೊಡ್ಡಪ್ಪ ಇಕ್ಕಳ ತಂದರು. ಎಲ್ಲ ನನ್ನ ತಲೆಗೆ ಕಟ್ಟಿ ಆರಾಮಾಗಿ ಹೋಗಿಬಿಟ್ಟರು ಅತ್ತೆ. ಒಂದೊಂದು ದಿನ ಗೋರಿಯ ಹತ್ತಿರ ಹೋಗಿ ಜಗಳ ಆಡೋಣ ಅನ್ನಿಸುತ್ತದೆ. ಎರಡು ಸಲ ಹೋಗಿ ಆಡಿಯೂ ಬಂದಿದ್ದೇನೆ.

ದೊಡ್ಡಪ್ಪ ಸುಟ್ಟದ್ದು ಅವರು ಕೆತ್ತಿದ ಮೂರನ್ನು. ಅವರ ಕೈಯ ಕೆಲಸದಲ್ಲಿ ಉಳಿದದ್ದು ನಿಮ್ಮ ಹತ್ತಿರ ಇರುವುದೊಂದೇ. ಇಟ್ಟುಕೊಳ್ಳಿ. ನನ್ನ ಸೊಟ್ಟ ಗೂಟಗಳು ಸಾಕು ನಮಗೆ.

ಹೊಟ್ಟೆಯ ಮಾತನ್ನು ನಾನು ಮರೆತಿಲ್ಲ. ನಿಮ್ಮ ಎಪ್ಪತ್ತರ ಮಗುವಿನ ಮಾತನ್ನೂ ಮರೆಯುವುದಿಲ್ಲ. ಎರಡೂ ಇರಲಿ.

ಚಿಯಾವ್‌ಲಿಂಗ್


ಯೀಚುನ್
೩೦ ಜನವರಿ ೧೯೮೭, ನಮ್ಮ ಚಾಂದ್ರ ಹೊಸ ವರ್ಷದ ಎರಡನೆಯ ದಿನ

ಚಿಯಾವ್‌ಲಿಂಗ್,

ನಿನ್ನ ಕಾಗದ ಇಪ್ಪತ್ತಾರಕ್ಕೆ ಬಂತು. ಓದಿ ಅಳುತ್ತೇನೆ ಅಂದುಕೊಂಡೆ. ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಎಂಥ ಹೆಂಗಸು ನೋಡು. ತಾನೇ ತೀರ್ಮಾನ, ತಾನೇ ಕೆಲಸ. ಯಾರನ್ನು ಒಳಗಿಡಬೇಕು, ಯಾರನ್ನು ಹೊರಗಿಡಬೇಕು ಎಲ್ಲ ಅವಳೊಬ್ಬಳಿಗೇ ಗೊತ್ತು. ಇಪ್ಪತ್ತೈದು ವರ್ಷ ನನ್ನನ್ನು ಕಳಿಸಿದ್ದು ಅವಳಿಗೆ ತಾಕಲೇ ಇಲ್ಲ ಅಂತ ಅಂದುಕೊಂಡು ನಾನು ನೆಮ್ಮದಿಯಾಗಿ ಕೋಪ ಮಾಡಿಕೊಂಡಿದ್ದೆ. ಅದನ್ನೂ ಕಿತ್ತುಕೊಂಡಳು. ನನಗೆ ಹೇಳಬಹುದಿತ್ತು. ಒಂದು ಕಾಗದ ಬರೆಸಬಹುದಿತ್ತು ನಿನ್ನ ಕೈಲಿ. ಹಾಳಾದ ಮುದುಕಿ, ನಿನಗೆ ಹೇಳುತ್ತಾಳೆ, ನನಗೆ ಹೇಳುವುದಿಲ್ಲ.

ಆ ಗೂಟವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಹದಿನಾರು ವರ್ಷಕ್ಕೆ ಈ ಮನೆಗೆ ಬಂದಾಗ ಅಮ್ಮನದು ಅಂತ ನನ್ನ ಹತ್ತಿರ ಏನೂ ಇರಲಿಲ್ಲ, ಒಂದು ಬಾಚಣಿಗೆಯೂ ಇಲ್ಲ. ಇದೊಂದು ಬಂತು. ಇಪ್ಪತ್ತಾರರ ಸಂಜೆ ಅದನ್ನು ಕೈಯಲ್ಲಿ ಹಿಡಿದು ಕೂತಾಗ ನನಗೆ ಹೊಳೆಯಿತು. ಇಲ್ಲಿ ಪೀಚ್ ಮರ ಬೆಳೆಯುವುದಿಲ್ಲ. ಈ ಚಳಿಗೆ ಒಂದು ಗಿಡವೂ ನಿಲ್ಲುವುದಿಲ್ಲ. ನೂರು ಮೈಲಿ ಸುತ್ತ ಪೀಚ್ ಮರದ್ದು ಅಂತ ಒಂದು ಚೂರು ಇದ್ದರೆ ಅದು ನನ್ನ ದಿಂಬಿನ ಕೆಳಗಿರುವ ಇದೇ. ಇದು ಇಲ್ಲಿದ್ದರೆ ಅಮ್ಮ ಈ ಬಾಗಿಲೊಳಗೂ ಬರುವ ಹಾಗಿಲ್ಲ.

ಇಪ್ಪತ್ತೇಳಕ್ಕೆ ಅಂಚೆಗೆ ಹಾಕಿದೆ, ನಿನ್ನ ಹೆಸರಿಗೆ. ಅಂಚೆಯವನು "ಕಡ್ಡಿ ಕಳಿಸೋಕೆ ಇಷ್ಟು ಅಂಚೆಚೀಟಿನಾ?" ಅಂದ. ನಿನ್ನ ಕೆಲಸ ನೋಡಿಕೋ ಅಂದೆ. ಪೊಟ್ಟಣ ಅವನ ಕೈಗೆ ಕೊಟ್ಟ ಮೇಲೆ ಇನ್ನೊಂದು ಸಲ ಬಿಚ್ಚಿ ನೋಡಿ ಮತ್ತೆ ಕೊಟ್ಟೆ. ನಿನ್ನ ಸೊಟ್ಟ ಗೂಟ ಒಂದನ್ನು ಕಿತ್ತು ಇದನ್ನು ಬಡಿ. ಮಗುವಿನ ಕಿಟಕಿಗೆ ಬಡಿ.

ಇಪ್ಪತ್ತೆಂಟರ ಸಂಜೆ, ವರ್ಷದ ಕೊನೆಯ ದಿನ, ಎಲ್ಲರೂ ತಮ್ಮ ತಮ್ಮ ಹಿರಿಯರನ್ನು ಕರೆಯುವ ಹೊತ್ತು. ನಾನು ಸತ್ತವರಿಗೆ ಸುಡುವ ಕಾಗದದ ಕಂತೆ ತಗೊಂಡು ಹೊರಟೆ. ನನ್ನ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಎಂಬತ್ತು ದಾಟಿದೆ, ನಾಲಿಗೆ ಇನ್ನೂ ಹರಿತ.

"ನಿನ್ನ ತವರಿನ ಸತ್ತವರು ನಮ್ಮ ಮನೆಗ್ಯಾಕೆ? ಇದು ಪಾಂಗ್ ಮನೆ. ನಮ್ಮವರಿಗೇ ಕೂರೋಕೆ ಜಾಗ ಇಲ್ಲ."

"ನಮ್ಮಮ್ಮ ಸಣ್ಣಗಿದ್ದಾಳೆ ಅತ್ತೆ. ಅಡುಗೆಮನೆ ಮೂಲೇಲಿ ಕೂತ್ಕೋತಾಳೆ."

"ಎಲ್ಲಾದ್ರೂ ಉಂಟೇ ಇಂಥದ್ದು? ಮಗಳ ಮನೆಗೆ ಹಿರಿಯರು ಬರೋದು?"

"ನಾನು ಮಗಳಲ್ಲ ಅತ್ತೆ. ನನ್ನನ್ನ ಒಂದು ಮೂಟೆ ಜೋಳಕ್ಕೆ ತಂದ್ರಿ ನೀವು. ಆ ಜೋಳ ಇಳಿಸಿಕೊಂಡವಳು ಇವತ್ತು ಊಟಕ್ಕೆ ಬರ್ತಾಳೆ."

ಅದಾದ ಮೇಲೆ ಅವಳು ಪಕ್ಕಕ್ಕೆ ಸರಿದಳು.

ಮೂರು ದಾರಿ ಸೇರುವ ಕಡೆ ಹಿಮದಲ್ಲಿ ಕೋಲಿನಿಂದ ಒಂದು ಸುತ್ತು ಗೀಚಿ, ನಮ್ಮೂರಿನ ದಿಕ್ಕಿಗೆ ಅದರಲ್ಲಿ ದಾರಿ ಬಿಟ್ಟೆ. ಕಾಗದ ಸುಟ್ಟೆ. ಅವಳು ಜನ್ಮದಲ್ಲಿ ರೈಲು ಹತ್ತಿದವಳಲ್ಲ. ಅದಕ್ಕೆ ಗಟ್ಟಿಯಾಗಿ ಕೂಗಿ ಹೇಳಿದೆ: "ಅಮ್ಮ, ಜಿನಾನ್‌ನಲ್ಲಿ ಹತ್ತು. ಹಾರ್ಬಿನ್‌ನಲ್ಲಿ ಇಳಿದು ಗಾಡಿ ಬದಲಿಸು. ಮರದ ಅಡ್ಡೆ ಹಿಂದಿನ ಸಾಲು, ಏಳನೇ ಮನೆ, ನೀಲಿ ಬಾಗಿಲು." ಅಕ್ಕಪಕ್ಕದಲ್ಲಿ ಕಾಗದ ಸುಡುತ್ತಿದ್ದವರು ತಿರುಗಿ ನೋಡಿದರು. ನೋಡಲಿ.

ಮನೆಗೆ ಬಂದು ಬಾಗಿಲು ತೆರೆದೇ ಇಟ್ಟೆ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಅಡುಗೆಮನೆ ಮೂಲೆಯಲ್ಲಿ ಒಂದು ಮಣೆ, ಒಂದು ಬಟ್ಟಲು, ಹಂದಿಮಾಂಸ ಎಲೆಕೋಸಿನ ಕಡುಬು ಹದಿನಾರು. ಅವಳಿಗೆ ಬೆಳ್ಳುಳ್ಳಿ ಜೊತೆ ಬೇಕು, ಅದನ್ನೂ ಸುಲಿದಿಟ್ಟೆ.

ನನ್ನ ಗಂಡ ಪಾಂಗ್ ಕೂಗಿದ, "ಕದ ಹಾಕೇ. ತೊಟ್ಟಿ ನೀರು ಹೆಪ್ಪುಗಟ್ತಿದೆ."

"ಗಟ್ಟಲಿ" ಅಂದೆ.

ಊಟ ಮುಗಿಯುವವರೆಗೂ ಬಾಗಿಲು ಹಾಕಲಿಲ್ಲ. ಎಲ್ಲರೂ ಕೋಟು ಹಾಕಿಕೊಂಡೇ ಉಂಡರು. ಬಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮೂಲೆಯ ಕಡುಬು ಹಾಗೇ ಇತ್ತು, ಕಲ್ಲಾಗಿತ್ತು. ನಾನು ಅದರ ಎದುರಿಗೆ ಕೂತು ಇಪ್ಪತ್ತೈದು ವರ್ಷದ್ದೆಲ್ಲ ಹೇಳಿ ಬೈದೆ. ನನ್ನ ಕೆನ್ನೆ ಮರಗಟ್ಟಿತ್ತು, ಮುಟ್ಟಿದರೆ ತಿಳಿಯುತ್ತಿರಲಿಲ್ಲ.

ಇಲ್ಲಿ ಅವಳು ಯಾರನ್ನು ಬೇಕಾದರೂ ಮುಟ್ಟಬಹುದು. ಈ ಮನೆಯಲ್ಲಿ ಮುದುಕರೇ ಇರುವುದು, ಒಬ್ಬರೂ ಅಳುವುದಿಲ್ಲ.

ದೌಜಿಗೆ ಹನ್ನೆರಡು ತುಂಬುವವರೆಗೂ ಒಂದು ಗೂಟವನ್ನೂ ಅಲ್ಲಾಡಿಸಬೇಡ. ದೊಡ್ಡಪ್ಪ ಬಂದರೆ ಕುಡುಗೋಲು ತೋರಿಸು, ನನ್ನ ಹೆಸರು ಹೇಳು. ಅಷ್ಟು ವರ್ಷ ಪ್ರತಿ ಸಲವೂ ಅಮ್ಮ ನನ್ನ ಮನೆಗೇ ಬರುತ್ತಾಳೆ. ಹನ್ನೆರಡು ವರ್ಷವಾದ ಮೇಲೆ ನೀವು ಗೂಟ ಕಿತ್ತು ಕರೆಯುತ್ತೀರಿ, ಕರೆಯಿರಿ. ಆದರೆ ಕಳಿಸುವುದು ಬಿಡುವುದು ಆಗ ನನ್ನಿಷ್ಟ.

ಸುಜೆನ್